ಒಂದು ಎಳೆ ತಪ್ಪಿದ ಪಿಯಾನೋ

ನನಗೆ ಪಿಯಾನೋ ಬರುತ್ತದೆ ಎಂಬ ಸುದ್ದಿ ಇಳಕಲ್ಲಿಗೆ ನನಗಿಂತ ಮೊದಲೇ ಬಂದಿತ್ತು.

ಬಾದಾಮಿಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನ ಅತ್ತೆ ಅವಲಕ್ಕಿಯ ತಾಟನ್ನು ತೊಡೆಯ ಮೇಲಿಟ್ಟುಕೊಂಡು, "ಹುಡುಗಿಗೆ ಹಾಡಾಕ ಬರ್ತೈತೇನ್ರಿ?" ಎಂದು ಕೇಳಿದರು. ನಾನು ಹಾಡಿದರೆ ಅವರು ತಾಟು ಕೆಳಗಿಟ್ಟು ಎದ್ದು ಹೋಗುತ್ತಾರೆಂದು ಗೊತ್ತಿದ್ದ ಅಪ್ಪ, "ಹಾಡೂದಿಲ್ಲ್ರಿ. ಆದ್ರ ಕಾನ್ವೆಂಟಿನ್ಯಾಗ ಪಿಯಾನೋ ಕಲ್ತಾಳ" ಎಂದುಬಿಟ್ಟರು. ಅಪ್ಪ ಸುಳ್ಳು ಹೇಳುವ ಮನುಷ್ಯರಲ್ಲ. ಶುಕ್ರವಾರ ಶಾಲೆಯಿಂದ ತಡವಾಗಿ ಬಂದಾಗಲೆಲ್ಲ ನಾನೇ ಮನೆಯಲ್ಲಿ "ಇವತ್ತ ಪಿಯಾನೋ ಇತ್ತು" ಎನ್ನುತ್ತಿದ್ದೆ. ಇತ್ತು, ಖರೆ. ಕಾನ್ವೆಂಟಿನ ಪ್ರಾರ್ಥನೆಯ ಕೋಣೆಯಲ್ಲಿದ್ದ ಪಿಯಾನೋವನ್ನು ಶುಕ್ರವಾರಕ್ಕೊಮ್ಮೆ ಒರೆಸುವ ಪಾಳಿ ನನ್ನದಾಗಿತ್ತು. ಸಿಸ್ಟರ್ ಹೇಳಿಕೊಟ್ಟಂತೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಎಡದಿಂದ ಬಲಕ್ಕೆ ಒಂದು ಸಲ, ಬಲದಿಂದ ಎಡಕ್ಕೆ ಒಂದು ಸಲ. ಎಡದಿಂದ ಒರೆಸಿದರೆ ಯಾರೋ ಗೆಜ್ಜೆ ಕಟ್ಟಿಕೊಂಡು ಅಟ್ಟ ಹತ್ತಿದ ಹಾಗೆ ಕೇಳುತ್ತಿತ್ತು. ಬಲದಿಂದ ಒರೆಸಿದರೆ ಕೊಡ ಉರುಳಿದ ಹಾಗೆ. ನನಗೆ ಬರುತ್ತಿದ್ದದ್ದು ಈ ಎರಡೇ ರಾಗ.

ಇಳಕಲ್ಲಿನಲ್ಲಿ ಯಾರ ಮನೆಯಲ್ಲೂ ಪಿಯಾನೋ ಇಲ್ಲವೆಂಬ ಧೈರ್ಯದ ಮೇಲೆ ನಾನು ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೆ. ನಮ್ಮದು ನೇಕಾರರ ಮನೆ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಎಂಟು ವಿದ್ಯುತ್ ಮಗ್ಗಗಳಿವೆ. ಬೆಳಿಗ್ಗೆ ಕರೆಂಟ್ ಬಂದ ಕೂಡಲೆ ಅವು ಖಟ್ ಖಟ್ ಎಂದು ಶುರುಮಾಡಿದರೆ ಅಡುಗೆಮನೆಯ ಡಬ್ಬಿಗಳ ಮುಚ್ಚಳ ಸಣ್ಣಗೆ ನಡುಗುತ್ತವೆ. ಈ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ, ಗುಟ್ಟು ಹೇಳುವುದಿದ್ದರೂ ಕೂಗಿಯೇ ಹೇಳಬೇಕು. ನಮ್ಮ ಯಜಮಾನರು ಊಟಕ್ಕೆ ಕೂತಲ್ಲಿಂದಲೇ, "ಐದನೇದರ ಕಂಡಿಕಿ ಮುಗೀತು ನೋಡ" ಎಂದು ಆಳಿಗೆ ಕೂಗುತ್ತಾರೆ. ಲಾಳಿಯೊಳಗಿನ ನೂಲು ಮುಗಿದದ್ದು ಅವರಿಗೆ ಗೋಡೆಯಾಚೆಯಿಂದ ಕೇಳುತ್ತದೆ. ಎದುರಿಗೆ ಕೂತ ನಾನು "ಸಾರು ಹಾಕ್ಲೇನ್ರಿ" ಎಂದರೆ ಮಾತ್ರ ಕೇಳುವುದಿಲ್ಲ.

ಅತ್ತೆ ಮೂವತ್ತು ವರ್ಷ ಕೈಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟುಕೊಂಡು ಸೀರೆ ನೇಯ್ದವರು. ಮೊಣಕಾಲು ಬೇಡವೆಂದ ಮೇಲೆ ಭಜನೆಗೆ ತಿರುಗಿದರು. ಓಣಿಯ ಏಳು ಹೆಂಗಸರ ಮಂಡಳಿಗೆ ಅವರೇ ಮುಂದಿನ ದನಿ. ಹಾರ್ಮೋನಿಯಂ ಓಣಿಯ ಕೊನೆಯ ಮನೆಯ ಚಿಕ್ಕಮ್ಮನದು, ಅವರನ್ನು ಎಲ್ಲರೂ ಕಾಕು ಎನ್ನುತ್ತಾರೆ. ಮಂಡಳಿಯ ಒಂದು ದೋಷವೆಂದರೆ ಓಟ. ಪ್ರತಿ ಭಜನೆಯೂ ನಿಧಾನ ಶುರುವಾಗಿ, ನಡುವೆ ಹೆಜ್ಜೆ ಜೋರಾಗಿ, ಕೊನೆಗೆ ಬಸ್ಸು ತಪ್ಪುತ್ತದೇನೋ ಎಂಬಂತೆ ಮುಗಿಯುತ್ತಿತ್ತು.

ಆ ವರ್ಷ ಕಮತಗಿಯಲ್ಲಿ ಅತ್ತೆಯ ತಂಗಿ ಹೊಸ ಮನೆ ಕಟ್ಟಿಸಿ, ಮನೆಶಾಂತಿಗೆ ಮಂಡಳಿಯನ್ನು ಕರೆದರು. ಊರು ಬಿಟ್ಟು ಹೊರಗೆ ಹಾಡಲು ಬಂದ ಮೊದಲ ಕರೆ. ಆ ಖುಷಿಯಲ್ಲಿ ಅತ್ತೆ, "ಈ ಸಲ ಕರಿ ಮೂರರಾಗ ಹಾಡೋಣು, ಕರಿ ನಾಕು ನನಗ ಎತ್ತರಾಗ್ತೈತಿ" ಎಂದರು. ಹಾರ್ಮೋನಿಯಂ ಮೇಲಿನ ಕರಿಯ ಮನೆಗಳನ್ನು ಎಣಿಸಿ ಶ್ರುತಿ ಹೇಳುವುದು ನಮ್ಮ ಕಡೆಯ ಪದ್ಧತಿ. ಕಾಕು ಒಪ್ಪಲಿಲ್ಲ. "ಹನ್ನೊಂದು ವರ್ಷ ಕರಿ ನಾಕರಾಗ ಬಾರಿಸೇನಿ. ನಿನ್ನ ಗಂಟಲಾ ಇಳೀತಂದ್ರ ನನ್ನ ಪೆಟಗಿ ಯಾಕ ಇಳೀಬೇಕು?" ಎಂದು ಹಾರ್ಮೋನಿಯಂನ್ನು ಕಂಕುಳಲ್ಲಿ ಇರುಕಿಕೊಂಡು ನಡೆದುಬಿಟ್ಟರು. ಹೊಸ್ತಿಲು ದಾಟುವಾಗ ಅದರ ತಿದಿ ತಾನಾಗಿ ಬಿಚ್ಚಿ ಒಮ್ಮೆ ಉಸ್ ಎಂದಿತು.

ಅತ್ತೆ ಬಾಗಿಲಿಗೆ ಬಂದು, ಓಣಿಗೆಲ್ಲ ಕೇಳುವಂತೆ ಹೇಳಿದರು: "ಹೋಗ್ಲಿ ಬಿಡವಾ. ನಮ್ಮ ಸೊಸಿ ಪಿಯಾನೋ ಬಾರಸ್ತಾಳ."

ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹೆಂಚಿನ ಮೇಲಿದ್ದ ರೊಟ್ಟಿ ಒಂದು ಕಡೆ ಸುಟ್ಟಿತು. ಮನೆಶಾಂತಿಗೆ ಹನ್ನೆರಡು ದಿನ ಉಳಿದಿತ್ತು. ಹನ್ನೆರಡನೆಯ ದಿನ ಅತ್ತೆಯ ತಂಗಿ, ಬೀಗರು, ಕಮತಗಿಯ ಜನ ಎಲ್ಲರ ಮುಂದೆ ನನ್ನ ಇಪ್ಪತ್ತೆರಡು ವರ್ಷದ ಪಿಯಾನೋ ಹೊರಗೆ ಬೀಳಲಿತ್ತು. ನನ್ನ ಮುಖ ಹೋದರೆ ಹೋಗಲಿ, ಅದು ಸಣ್ಣದು. ಅತ್ತೆಯ ಮುಖ ದೊಡ್ಡದು, ಅದರಲ್ಲಿ ಹಿತ್ತಾಳೆ ಬಟ್ಟಲಿನಷ್ಟು ಅಗಲದ ನಗು ಕೂತಿತ್ತು.

ನನ್ನ ತಮ್ಮ ಬಾಗಲಕೋಟೆಯಲ್ಲಿ ಮದುವೆಗಳಿಗೆ ಸೌಂಡ್ ಸಿಸ್ಟಮ್ ಬಾಡಿಗೆ ಕೊಡುತ್ತಾನೆ. ಅವನಿಗೆ ಫೋನ್ ಮಾಡಿ, ಹನ್ನೆರಡು ದಿನದಲ್ಲಿ ಕಲಿಯಬಹುದಾದ ಪಿಯಾನೋ ಯಾವುದಾದರೂ ಇದ್ದರೆ ಕಳಿಸು ಎಂದೆ. ಮರುದಿನವೇ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ರಟ್ಟಿನ ಡಬ್ಬಿ ಬಂತು. ಬಸ್‌ಸ್ಟ್ಯಾಂಡಿನಿಂದ ಅದನ್ನು ಹಸುಗೂಸಿನಂತೆ ಎದೆಗವಚಿಕೊಂಡು ಬಂದು ಬಿಚ್ಚಿದರೆ, ಪಿಯಾನೋದ ಮೊಮ್ಮಗನಂಥ ಒಂದು ವಸ್ತು. ಎರಡು ಗೇಣು ಉದ್ದ. ಇಪ್ಪತ್ತೈದೇ ಮನೆಗಳು. ಅವುಗಳ ಮೇಲೆ ಸಾಲಾಗಿ ಹದಿನಾರು ಚೌಕ ಗುಂಡಿಗಳು, ಅದರ ಮೇಲೆ ಗ್ಯಾಸ್ ಒಲೆಯಲ್ಲಿರುವಂಥ ತಿರುಗಣಿಗಳು. ಎಣಿಸಿದೆ, ಇಪ್ಪತ್ತೊಂಬತ್ತು. ನಮ್ಮ ಒಲೆಗೆ ಮೂರೇ ಇವೆ, ಅದರಲ್ಲೂ ಒಂದು ಕೆಲಸ ಮಾಡುವುದಿಲ್ಲ.

ಫೋನ್ ಮಾಡಿದೆ. "ಇದೇನೋ ಕಳಿಸೀದಿ?"

"ಕೀಬೋರ್ಡ್ ಎಲ್ಲಾ ಮದವಿಗೆ ಹೋಗ್ಯಾವಕ್ಕಾ. ಇದು ಸಿಂಥಸೈಸರ್. ಒಬ್ಬಾವ ಇಟ್ಟು ಹೋದಾವ ಒಯ್ಯಾಕ ಬರ್ಲೇ ಇಲ್ಲ."

"ಪಿಯಾನೋದ ಆವಾಜ ಯಾವ ಗುಂಡಿ ಒತ್ತಿದ್ರ ಬರ್ತೈತಿ?"

"ಇದರಾಗ ತಯಾರ ಆವಾಜ ಇರೂದಿಲ್ಲಕ್ಕಾ. ನೀನ ಮಾಡ್ಕೋಬೇಕು."

"ಅಂದ್ರ?"

"ಕೀಬೋರ್ಡ್ ಅಂದ್ರ ಖಾನಾವಳಿ. ಹೋಗಿ ಕುಂತ್ರ ತಾಟು ಬರ್ತೈತಿ. ಇದು ಬರೇ ಅಡಗಿಮನಿ. ಹಿಟ್ಟು, ಖಾರ, ಒಲಿ ಎಲ್ಲಾ ಐತಿ. ನೀ ಮಾಡಿದ್ರ ಉಂಟು. ನಿನಗೇನು, ಅಡಗಿ ಬರ್ತೈತೆಲ್ಲ."

ಇಷ್ಟು ಹೇಳಿ ಯಾರದೋ ಬ್ಯಾಂಡು ಬಂತೆಂದು ಫೋನ್ ಇಟ್ಟ.

ಮಧ್ಯಾಹ್ನ ಮುಂದಿನ ಕೋಣೆಯ ಟೀಪಾಯಿಯ ಮೇಲೆ ರವಿಕೆಯ ಒಂದು ಖಣ ಹಾಸಿ ಅದನ್ನು ಇಟ್ಟೆ. ಆರು ಸೆಲ್ ಹಾಕಿದ ಕೂಡಲೆ ಹದಿನಾರು ಗುಂಡಿಗಳಲ್ಲಿ ಕೆಂಪು ದೀಪ ಒಂದೊಂದಾಗಿ ಓಡತೊಡಗಿತು. ಅತ್ತೆ ಬಳ್ಳೊಳ್ಳಿ ಬಿಡಿಸುವ ಮೊರ ತಂದು ಬಾಗಿಲಲ್ಲಿ ಕೂತರು. ನಾನು ಒಂದು ಬಿಳಿಯ ಮನೆ ಒತ್ತಿದೆ. ಏನೂ ಕೇಳಲಿಲ್ಲ. ಹಿಂದೆ ಎಂಟು ಮಗ್ಗ ನಡೆದಿದ್ದವು. ಅದಕ್ಕೇ ಇರಬಹುದೆಂದು ಜೋರಾಗಿ ಒತ್ತಿದೆ. ಒಂದು ತಿರುಗಣಿ ತಿರುಗಿಸಿ ಒತ್ತಿದೆ. ಹತ್ತು ತಿರುಗಿಸಿ ಎರಡೂ ಕೈಯಲ್ಲಿ ಒತ್ತಿದೆ. ಏನೂ ಇಲ್ಲ.

"ಭಾಳ ಮೆತ್ತಗ ಐತಿ" ಎಂದರು ಅತ್ತೆ. ತಿರುಗಿ ನೋಡಿದರೆ ಕಣ್ಣು ಮುಚ್ಚಿ, ಬಳ್ಳೊಳ್ಳಿಯ ಎಸಳನ್ನು ಬೆರಳಲ್ಲಿ ಹಿಡಿದು ತಲೆದೂಗುತ್ತಿದ್ದಾರೆ. "ಹಾರ್ಮೋನಿಯಂ ಗತೆ ಒದರೂದಿಲ್ಲ. ದೊಡ್ಡವರ ವಾದ್ಯ ನೋಡ."

ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಹಿರಿಯರು ಇಲ್ಲದ ಸಂಗೀತಕ್ಕೆ ತಲೆದೂಗುವಾಗ ಏನು ಮಾಡಬೇಕೆಂದು ಕಲಿಸಿರಲಿಲ್ಲ. ನಾನು ಮುಂದುವರಿಸಿದೆ. ನಿಜ ಹೇಳುವುದಾದರೆ ಬೆರಳಿಗೆ ಚೆನ್ನಾಗಿತ್ತು.

ರಾತ್ರಿ ಊಟದ ಹೊತ್ತಿಗೆ ತಮ್ಮ ಸಿಕ್ಕ. "ಅದಕ್ಕ ಸ್ಪೀಕರ್ ಎಲ್ಲೈತಕ್ಕಾ. ಹೊರಗಿಂದ ಹಚ್ಚಬೇಕು. ಕಳಸ್ತೇನಿ, ಮೂರ ದಿನ ತಡಿ" ಎಂದ.

ಮರುದಿನ ಬೆಳಿಗ್ಗೆ ಅತ್ತೆಗೆ ಹೇಳಿಬಿಡುವುದೆಂದು ಮಾತನ್ನು ಬಾಯಲ್ಲಿ ಸಿದ್ಧಮಾಡಿಕೊಂಡು ಎದ್ದೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಂಡಳಿಯ ನಾಲ್ವರು ಹೆಂಗಸರು ಸಾಲಾಗಿ ಜಮಖಾನೆಯ ಮೇಲೆ ಕೂತಿದ್ದರು. ಎಲ್ಲರೂ ಮಗ್ಗದ ಮನೆಯವರು, ಎಲ್ಲರೂ ಸ್ವಲ್ಪ ಜೋರಾಗಿ ಮಾತಾಡುವವರು. ಅತ್ತೆ, "ಬಾರಸವಾ, ನಿನ್ನೆ ಬಾರಿಸಿದ್ದು ಬಾರಸು" ಎಂದರು. ನಾನು ಕೂತೆ. ಅವರ ಮುಂದೆ ಕೆಂಪು ದೀಪ ಓಡಿತು. ನನ್ನ ಬೆರಳುಗಳೂ ಓಡಿದವು. ನಾನು ಸುಮ್ಮನೆ ನುಡಿಸಿದೆ, ಅವರು ಸುಮ್ಮನೆ ಕೇಳಿದರು.

ಮೊದಲನೆಯವರು ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿದರು. ಎರಡನೆಯವರು ಬಲಗಿವಿಯನ್ನು ಮುಂದೆ ಮಾಡಿದರು, ಆಮೇಲೆ ಎಡಗಿವಿಯನ್ನು. ಮೂರನೆಯವರು ಉಳಿದವರ ಮುಖ ನೋಡಿ, ಅವರು ತಲೆದೂಗುವುದನ್ನು ಕಂಡು ತಾವೂ ತಲೆದೂಗತೊಡಗಿದರು. ಅವರನ್ನು ನೋಡಿ ನಾಲ್ಕನೆಯವರು ಕೈಯಲ್ಲಿ ತಾಳ ಹಾಕಿದರು. ತಾಳ ಮಾತ್ರ ಎಂದಿನಂತೆ ಓಡುತ್ತ ಹೋಯಿತು. ಚಹಾ ಕುಡಿದು ಹೊರಡುವಾಗ ಒಬ್ಬರು ನನ್ನ ಕೈ ಹಿಡಿದು, "ಕಡೀ ಹಾಡು ಭಾಳ ಚಲೋ ಇತ್ತು ನೋಡ" ಎಂದರು.

ಅಂದು ಸಂಜೆಯಿಂದ ಮನೆಯಲ್ಲಿ ಬಳ್ಳೊಳ್ಳಿ ಎಣ್ಣೆಯ ವಾಸನೆ. ಅತ್ತೆ ಎರಡೂ ಕಿವಿಯಲ್ಲಿ ಅರಳೆ ಇಟ್ಟುಕೊಂಡು ಓಡಾಡುತ್ತಿದ್ದರು. ನೆಗಡಿಯೇನೋ ಎಂದುಕೊಂಡೆ. ಆಮೇಲೆ ಅವರು ಮಗನನ್ನು ಅಂಗಳದ ಮೂಲೆಗೆ ಕರೆದು, ಗುಟ್ಟಾಗಿ, ಎಂದರೆ ಕೂಗಿ, "ಬಾಗಲಕೋಟ್ಯಾಗ ಕಿವಿ ಡಾಕ್ಟರ್ ಯಾವ ವಾರ ಸಿಗ್ತಾರೋ" ಎಂದು ಕೇಳಿದ್ದು ನನಗೂ ಕೇಳಿತು. ತಮ್ಮ ಕಿವಿಯೇ ಕೆಟ್ಟಿದೆ ಎಂದುಕೊಂಡಿದ್ದರು. ಇನ್ನು ಹೇಳಲೇಬೇಕು. ನಾಳೆ ಹೇಳುವುದು.

ಆ ನಾಳೆಗೆ ಸ್ಪೀಕರ್ ಬಂತು, ತಮ್ಮ ಹೇಳಿದ್ದಕ್ಕಿಂತ ಒಂದು ದಿನ ಮೊದಲೇ. ಚಿಕ್ಕದು, ಚಾರ್ಜ್ ಮಾಡುವಂಥದು. ಹಚ್ಚಿ, ಭಯದಲ್ಲಿ ಒಂದು ಮನೆ ಒತ್ತಿದೆ. ಎಮ್ಮೆ ಕರುವನ್ನು ಕರೆದ ಹಾಗೆ ಒಂದು ದನಿ ಹೊರಟು ಇಡೀ ಕೋಣೆ ತುಂಬಿತು. ಓಣಿಯ ನಾಯಿ ಎದ್ದು ನಿಂತಿತು. ಅಡುಗೆಮನೆಯಿಂದ ಅತ್ತೆ ಓಡಿ ಬಂದರು. ಎರಡೂ ಕಿವಿಯ ಅರಳೆ ತೆಗೆದು, ಅಂಗೈಯಲ್ಲಿ ಹಿಡಿದು ನೋಡಿದರು. ಅವರ ಕಣ್ಣಲ್ಲಿ ನೀರು.

"ಎಣ್ಣಿ ನಾಟ್ತು" ಎಂದರು. "ನಾಕ ದಿನ ಬಿಟ್ಟೇನಿಲ್ಲ, ನಾಟ್ತು. ಎಷ್ಟ ಸ್ವಚ್ಛ ಕೇಳಸಾಕತ್ತೈತಿ."

ಹಿಂದಿನ ಸಂಜೆಯಿಂದಷ್ಟೇ ಎಣ್ಣೆ ಬಿಟ್ಟದ್ದು. ಅದನ್ನೂ ನಾನು ತಿದ್ದಲಿಲ್ಲ. ಮಧ್ಯಾಹ್ನದೊಳಗೆ ಮೊನ್ನೆ ಕೇಳಲು ಬಂದಿದ್ದ ನಾಲ್ವರ ಮನೆಗೂ ಬಳ್ಳೊಳ್ಳಿ ಎಣ್ಣೆಯ ಬಟ್ಟಲು ಹೋಯಿತು. ನಾಲ್ಕೂ ಮನೆಯಿಂದ ಗುಣವಾಯಿತೆಂದು ಸುದ್ದಿ ಬಂತು.

ಉಳಿದದ್ದು ಒಂಬತ್ತು ದಿನ. ರೊಟ್ಟಿ ಮುಗಿಸಿ, ಬಟ್ಟೆ ಒಣಗಲು ಹಾಕಿ, ದಿನಾ ಹತ್ತೂವರೆಗೆ ಅದರ ಮುಂದೆ ಕೂರುತ್ತಿದ್ದೆ. ಪಿಯಾನೋದ ದನಿ ಮಾಡಲು ಹೊರಟರೆ ಸೀಟಿ ಬರುತ್ತಿತ್ತು. ಕುಕ್ಕರಿನದೆಂದು ತಿಳಿದು ಅತ್ತೆ ಎರಡು ಸಲ ಗ್ಯಾಸ್ ಆರಿಸಿದರು. ಆದರೆ ತಮ್ಮ ಹೇಳಿದ್ದು ಸುಳ್ಳಲ್ಲ, ಅದು ಅಡುಗೆಮನೆಯೇ. ಒಂದು ತಿರುಗಣಿಯನ್ನು ಎಡಕ್ಕೆ ತಿರುಗಿಸಿದರೆ ದನಿ ಕೌದಿ ಹೊದ್ದು ಮಾತಾಡಿದಂತೆ ಕೇಳುತ್ತಿತ್ತು, ಬಲಕ್ಕೆ ಹೋದರೆ ಸ್ಟೀಲ್ ಪಾತ್ರೆಯನ್ನು ನಾರಿನಿಂದ ತಿಕ್ಕಿದಂತೆ. ಇನ್ನೊಂದು, ದನಿ ಹೇಗೆ ಒಳಗೆ ಬರಬೇಕು ಎಂಬುದಕ್ಕೆ: ಬಾಗಿಲು ತಟ್ಟದೆ ನುಗ್ಗಬಹುದು, ಇಲ್ಲವೆ ಚಪ್ಪಲಿ ಬಿಟ್ಟು ಕಾಲು ತೊಳೆದು ನಿಧಾನ ಬರಬಹುದು. ಮತ್ತೊಂದು, ಹೇಗೆ ಹೋಗಬೇಕು ಎಂಬುದಕ್ಕೆ. ಅದನ್ನು ಪೂರ್ತಿ ತಿರುಗಿಸಿದರೆ ಕೈ ತೆಗೆದ ಮೇಲೂ ದನಿ ನಿಂತೇ ಇರುತ್ತಿತ್ತು, ಹೋಗಿಬರ್ತೇನಿ ಎಂದು ಹೇಳಿ ಬಾಗಿಲಲ್ಲಿ ಅರ್ಧ ತಾಸು ಮಾತಾಡುವ ನಮ್ಮ ನಾದಿನಿಯ ಹಾಗೆ. ಚೆನ್ನಾಗಿ ಬಂದದ್ದು ಕಳೆದುಹೋಗಬಾರದೆಂದು ಪ್ರತಿ ತಿರುಗಣಿ ನಿಂತ ಜಾಗಕ್ಕೆ ಹಣೆಗೆ ಹಚ್ಚುವ ಟಿಕಳಿ ಅಂಟಿಸಿದೆ. ಮೂರು ದಿನದಲ್ಲಿ ಆ ಯಂತ್ರ ಮುತ್ತೈದೆಯಾಯಿತು.

ಅಷ್ಟಾದರೂ ನನ್ನ ಬೆರಳಿಗೆ ಒಂದು ಭಜನೆ ಬರಲಿಲ್ಲ. ಒಂದು ಸಾಲು ಹುಡುಕಿ ಹಿಡಿಯುವಷ್ಟರಲ್ಲಿ ಹಿಂದಿನ ಸಾಲು ಮರೆತಿರುತ್ತಿತ್ತು.

ಐದು ದಿನ ಉಳಿದಾಗ, ಒಂದು ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟ್ ಹೋಯಿತು. ನಮ್ಮ ಓಣಿಯಲ್ಲಿ ಕರೆಂಟ್ ಹೋದರೆ ಲೋಕವೇ ಒಮ್ಮೆ ಉಸಿರು ಹಿಡಿದಂತೆ. ಮೂವತ್ತು ನಲವತ್ತು ಮಗ್ಗ ಒಟ್ಟಿಗೆ ನಿಂತು, ಇದ್ದಕ್ಕಿದ್ದಂತೆ ಹಕ್ಕಿಯ ದನಿ, ಯಾರದೋ ಮನೆಯ ಒಗ್ಗರಣೆಯ ದನಿ ಕೇಳತೊಡಗುತ್ತದೆ. ಗಂಡಸರೆಲ್ಲ ಬೇವಿನ ಗಿಡದ ಕೆಳಗಿನ ಚಹಾದ ಅಂಗಡಿಗೆ ಹೋದರು, ನಮ್ಮ ಯಜಮಾನರೂ. ನನ್ನ ಸಿಂಥಸೈಸರ್ ಸೆಲ್ಲಿನ ಮೇಲೆ ನಡೆಯುತ್ತಿತ್ತು, ಸ್ಪೀಕರಿನಲ್ಲಿ ಚಾರ್ಜ್ ಇತ್ತು. ಈ ಶಾಂತಿಯಲ್ಲಾದರೂ ಒಂದು ಸಾಲು ಕಲಿಯೋಣವೆಂದು ಕೂತೆ.

ಅತ್ತೆ ಪಕ್ಕಕ್ಕೆ ಬಂದು ಕೂತು ಓಡುವ ಕೆಂಪು ದೀಪವನ್ನು ಬಹಳ ಹೊತ್ತು ನೋಡಿದರು. "ಈ ಹದಿನಾರು ಗುಂಡಿ ಯಾತಕ್ಕವಾ?"

"ಒತ್ತಿದ ಕಡೆ ಆವಾಜ ಬರ್ತೈತ್ರಿ ಅತ್ತಿ. ಒತ್ತದ ಕಡೆ ಸುಮ್ಮನ ದಾಟಿ ಹೋಗ್ತೈತಿ. ಕಡೀಗೆ ಮುಟ್ಟಿ ಮತ್ತ ಮೊದಲಿಂದ."

"ಅಂದ್ರ ಡಾಬಿ" ಎಂದರು ಅತ್ತೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬಂತೆ.

ಸೀರೆಯ ಅಂಚಿಗೆ ನಮ್ಮಲ್ಲಿ ದಡಿ ಎನ್ನುತ್ತಾರೆ. ದಡಿಯಲ್ಲಿ ಚಿತ್ತಾರ ಮೂಡಬೇಕಾದರೆ ಯಾವ ಎಳೆ ಏಳಬೇಕು, ಯಾವ ಎಳೆ ಮಲಗಬೇಕು ಎಂದು ಮಗ್ಗಕ್ಕೆ ಹೇಳುವುದು ಡಾಬಿ. ಉದ್ದನೆಯ ಪಟ್ಟಿಯ ತೂತುಗಳಲ್ಲಿ ಮೊಳೆ ಇದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಮಲಗುತ್ತದೆ. ಅತ್ತೆ ತೋಳೇರಿಸಿ, ತೋರುಬೆರಳಿನಿಂದ ಹದಿನಾರು ಗುಂಡಿಗಳಲ್ಲಿ ಒಂದನ್ನು ಒತ್ತಿ, ಒಂದನ್ನು ಬಿಟ್ಟು, ಎರಡು ಒತ್ತಿ, ಮೂರು ಬಿಟ್ಟು, ಬಾಯಲ್ಲಿ ಎಣಿಸುತ್ತ ಇಳಕಲ್ ಸೀರೆಯ ಗೋಮಿ ದಡಿಯ ಚಿತ್ತಾರವನ್ನು ಕೂರಿಸಿಬಿಟ್ಟರು. ನಾನು ಆ ಹೊತ್ತಿಗೆ ಅದರ ತಾಳದ ಭಾಗದ ತಿರುಗಣಿಗಳನ್ನು ಎಲ್ಲೋ ಬಿಟ್ಟಿದ್ದೆ. ಅಲ್ಲಿಂದ ಹೊರಟದ್ದು ಖಟ್, ಖಟ್ಟ-ಖಟ್, ಖಟ್.

ಮಗ್ಗ. ಗೋಡೆಯಾಚೆ ಇಪ್ಪತ್ತೆರಡು ವರ್ಷ ಕೇಳಿದ ಅದೇ ಮಗ್ಗ. ಅತ್ತೆಗೆ ಎಷ್ಟು ಖುಷಿಯಾಯಿತೆಂದರೆ ಸ್ಪೀಕರಿನ ದನಿಯನ್ನು ಪೂರ್ತಿ ಏರಿಸಿ ಕಿಟಕಿಯಲ್ಲಿಟ್ಟರು.

ಬೇವಿನ ಗಿಡದ ಕೆಳಗೆ ಆಮೇಲೆ ಏನಾಯಿತೆಂಬುದನ್ನು ಚಹಾದ ಅಂಗಡಿಯವರು ಇಂದಿಗೂ ಹೇಳುತ್ತಾರೆ. ಮೊದಲು ಒಬ್ಬರು ಕಪ್ಪು ಬಾಯಿಗೆ ಒಯ್ಯುತ್ತಿದ್ದವರು ನಿಂತರಂತೆ. "ಕರೆಂಟ್ ಬಂತಲೇ" ಎಂದರಂತೆ. ಅಷ್ಟೇ, ಇಡೀ ಓಣಿಯ ಗಂಡಸರು ಚಹಾ ಚೆಲ್ಲಿ, ಲುಂಗಿ ಎತ್ತಿಕಟ್ಟಿ ತಮ್ಮ ತಮ್ಮ ಶೆಡ್ಡಿಗೆ ಓಡಿದರು. ಎಡಬಲದ ಮನೆಗಳಲ್ಲಿ ಸ್ವಿಚ್ ಒತ್ತುವ ಟಕ್ ಟಕ್ ಕೇಳಿತು. ಮಗ್ಗ ಒಂದೂ ಏಳಲಿಲ್ಲ. ನಮ್ಮ ಯಜಮಾನರು ಬಂದು ಎಂಟೂ ಸ್ವಿಚ್ ಒತ್ತಿದರು. ಎಂಟೂ ಮಗ್ಗ ಮಲಗಿದ್ದವು. ಆದರೂ ಮಗ್ಗದ ದನಿ ಬರುತ್ತಲೇ ಇತ್ತು.

"ನಮ್ಮು ಎಂಟೂ ನಿಂತಾವು" ಎಂದು ಅವರು ಹಿತ್ತಲಲ್ಲಿ ನಿಂತು ಹೇಳುವುದು ಕೇಳಿತು. "ಮತ್ತ ಯಾರದು ಓಡಾಕತ್ತೈತಿ?"

"ಅದ ನಾನೂ ಕೇಳಾಕತ್ತೇನಿ" ಎಂದರು ಪಕ್ಕದ ಮನೆಯ ಮಗ್ಗದ ಮಾಲಕರು, ಕಾಂಪೌಂಡಿನ ಮೇಲೆ ತಲೆ ಎತ್ತಿ. "ನಿಮ್ಮ ಮನ್ಯಾಗಿಂದ ಬರಾಕತ್ತೈತಿ. ಯಾವ ಲೈನ್ ತಗೊಂಡೀಯಲೇ, ನಮಗೂ ಹೇಳ."

"ಲೈನೂ ಇಲ್ಲ ಏನೂ ಇಲ್ಲೋ ಮಾರಾಯಾ."

"ಇಲ್ಲಂದ್ರ ಒಂಬತ್ತನೇ ಮಗ್ಗ ಎಲ್ಲಿ ಹಾಕೀದಿ? ಅಡಗಿಮನ್ಯಾಗೇನು?"

ಹದಿನೈದು ಜನ ನಮ್ಮ ಮನೆಯೊಳಗೆ ಮಗ್ಗ ಹುಡುಕಲು ಬಂದರು. ಮುಂದಿನ ಕೋಣೆಯ ಬಾಗಿಲಲ್ಲಿ ಎಲ್ಲರೂ ಒಮ್ಮೆಗೇ ನಿಂತರು. ಒಳಗೆ ಖಣದ ಮೇಲೆ ಟಿಕಳಿ ಹಚ್ಚಿಕೊಂಡ ಎರಡು ಗೇಣಿನ ಯಂತ್ರ, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ಅತ್ತೆ. ನಮ್ಮ ಯಜಮಾನರು ತಲೆ ವಾಲಿಸಿ ಸ್ವಲ್ಪ ಹೊತ್ತು ಆಲಿಸಿ, "ಒಂದ ಎಳಿ ತಪ್ಪೈತಿ" ಎಂದರು.

"ಎಲ್ಲಿ?" ಎಂದರು ಅತ್ತೆ ಸಿಟ್ಟಿನಿಂದ.

"ಹನ್ನೊಂದರಾಗ. ಅಲ್ಲಿ ಮೊಳಿ ಬೇಕು."

"ಮೂವತ್ತು ವರ್ಷ ನೇಯ್ದಾಕಿ ನಾನು. ಹನ್ನೊಂದು ಖಾಲಿನ ಇರ್ತೈತಿ."

ಗುಂಪಿನ ಹಿಂದಿನಿಂದ ಒಂದು ದನಿ ಬಂತು: "ಮಗ್ಗ ಆತು. ಪಿಯಾನೋ ಎಲ್ಲೈತಿ?" ಹಾರ್ಮೋನಿಯಂ ಕಾಕು. ಕರೆಂಟಿಲ್ಲದೆ ಓಡುವ ಮಗ್ಗ ನೋಡಲು ಅವರೂ ಬಂದಿದ್ದರು. "ಒಂದ ಹಾಡು ಬಾರಸ್ಲಿ ಸೊಸಿ, ನಾವೂ ಕೇಳೋಣು. ಎಣ್ಣಿ ಬಿಟಗೊಂಡ ಬಂದೇನಿ."

ಹದಿನೈದು ಜನ ನನ್ನನ್ನು ನೋಡಿದರು. ಅತ್ತೆ ಮಗ್ಗವನ್ನು ನಿಲ್ಲಿಸಿ ಹೆಮ್ಮೆಯಿಂದ ಜಾಗ ಬಿಟ್ಟರು. ನಾನು ಕೂತೆ. ಕೈ ತಾನಾಗಿ ಎಡತುದಿಗೆ ಹೋಯಿತು. ಎಡದಿಂದ ಬಲಕ್ಕೆ ಒಮ್ಮೆ ಸವರಿದೆ. ಬಲದಿಂದ ಎಡಕ್ಕೆ ಒಮ್ಮೆ ಸವರಿದೆ. ಮತ್ತೆ ಕೈ ತೊಡೆಯ ಮೇಲಿಟ್ಟುಕೊಂಡೆ.

"ಮುಗೀತು?" ಎಂದರು ಕಾಕು. "ಹಲಗಿ ಒರಸಿದಂಗ ಬಾರಸ್ತಾಳಲ್ಲ."

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಎದ್ದು, "ಕರೆಂಟ್ ಬರೂ ಹೊತ್ತಾತು, ನಡೀರಿ, ನಡೀರಿ" ಎಂದು ಎಲ್ಲರನ್ನೂ ಕೋಳಿ ಓಡಿಸಿದಂತೆ ಹೊರಗೆ ಓಡಿಸಿದರು.

ಅಡುಗೆಮನೆಯಲ್ಲಿ ಅತ್ತೆಗೆ ಎಲ್ಲ ಹೇಳಿದೆ. ಕರೆಂಟ್ ಇನ್ನೂ ಬಂದಿರಲಿಲ್ಲ, ಹಾಗಾಗಿ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಮೆಲ್ಲಗೆ ಮಾತಾಡಿದೆ. ಬಾರಿಸಲು ಬರುವುದಿಲ್ಲ, ಒರೆಸಲು ಮಾತ್ರ ಬರುತ್ತದೆ ಎಂದೆ. ಸ್ಪೀಕರ್ ಬರುವ ಮೊದಲು ಬಾರಿಸಿದ್ದರಲ್ಲಿ ದನಿಯೇ ಇರಲಿಲ್ಲ ಎಂದೂ ಹೇಳಿದೆ.

ಅತ್ತೆ ನನ್ನ ಕಡೆ ತಿರುಗಿದರು. "ಆವಾಜ ಇರಲೇ ಇಲ್ಲೇನು?"

"ಇಲ್ಲ್ರಿ."

"ಒಂದೀಟೂ?"

"ಒಂದೀಟೂ ಇಲ್ಲ್ರಿ."

"ಹಂಗಾರ ನನ್ನ ಕಿವಿ ಚಲೋ ಅದಾವು" ಎಂದರು. ಬೈಗುಳಕ್ಕೆ ತಯಾರಾಗಿ ನಿಂತಿದ್ದ ನನಗೆ ಅವರು ನಗುತ್ತಿರುವುದು ತಿಳಿಯಲು ತಡವಾಯಿತು. ಹೊಟ್ಟೆ ಹಿಡಿದು, ಸೆರಗಿನಿಂದ ಕಣ್ಣೊರೆಸಿ ನಕ್ಕರು. "ಆಕಿ ಕಡೀ ಹಾಡು ಚಲೋ ಇತ್ತು ಅಂದ್ಲಲ್ಲ ಯವ್ವಾ."

ನಗು ಇಳಿದ ಮೇಲೆ ಅವರ ಮುಖ ಸ್ವಲ್ಪ ಗಂಭೀರವಾಯಿತು. "ನಾವೂ ಹೆಣ್ಣು ನೋಡಾಕ ಬಂದ ದಿನ ನಿಮ್ಮಪ್ಪಗ ಒಂದ ಮಾತು ಹೇಳಿದ್ವಿ. ನಮ್ಮ ಹುಡುಗ ಎರಡ ರೊಟ್ಟಿ ತಿಂತಾನ ಅಂತ."

ನಮ್ಮ ಯಜಮಾನರು ಒಂದು ಹೊತ್ತಿಗೆ ಏಳು ತಿನ್ನುತ್ತಾರೆ. ಇಪ್ಪತ್ತೆರಡು ವರ್ಷದ ರೊಟ್ಟಿಗಳನ್ನು ಮನಸ್ಸಿನಲ್ಲೇ ಒಂದರ ಮೇಲೊಂದು ಪೇರಿಸಿ ನೋಡಿದೆ. ನನ್ನ ಪಿಯಾನೋ ಅದರ ಮುಂದೆ ಬಹಳ ಸಣ್ಣದಾಗಿ ಕಂಡಿತು.

"ಆದ್ರ ಕಮತಗ್ಯಾಗ ಏನ ಮಾಡೂದ್ರಿ?" ಎಂದೆ.

"ಕರಿ ಮೂರು ಯಾವುದು, ಅದೊಂದ ತೋರಸು" ಎಂದರು ಅತ್ತೆ. ತೋರಿಸಿದೆ. ಅದನ್ನು ಒತ್ತಿಹಿಡಿದರೆ ದನಿ ತಂಬೂರಿಯಂತೆ ನಿಂತಿತು. ಅವರು ಶೆಡ್ಡಿಗೆ ಹೋಗಿ ಒಂದು ಹಳೆಯ ಕಟ್ಟಿಗೆಯ ಲಾಳಿ ತಂದು ಅದರ ಮೇಲೆ ಹೇರಿದರು. ಲಾಳಿಯ ಭಾರಕ್ಕೆ ಕರಿ ಮೂರು ತಾನೇ ಹಾಡತೊಡಗಿತು. "ಇದು ಶ್ರುತಿ. ದಡಿ ಹಚ್ಚಿದ್ರ ಅದು ತಾಳ. ನೀ ಬಾಜೂಕ ಕುಂದ್ರು, ಲಾಳಿ ಬೀಳದಂಗ ನೋಡ್ಕೋ. ಅಷ್ಟ ಸಾಕು."

ಮನೆಶಾಂತಿಯ ದಿನ ಬೆಳಿಗ್ಗೆ ಟೆಂಪೋ ಬಂದು ನಿಂತಾಗ, ಒಳಗೆ ಎಲ್ಲರಿಗಿಂತ ಮೊದಲೇ ಹಾರ್ಮೋನಿಯಂ ಕಾಕು ಕೂತಿದ್ದರು, ತೊಡೆಯ ಮೇಲೆ ಹಾರ್ಮೋನಿಯಂ. "ನಾ ಏನ ಬಾರಸೂದಿಲ್ಲ. ಪೆಟಗಿಗೆ ಗಾಳಿ ಆಡ್ಲಿ ಅಂತ ತಂದೇನಿ" ಎಂದರು. ಯಾರೂ ಏನೂ ಕೇಳಿರಲಿಲ್ಲ. ಹುನಗುಂದ ದಾಟುವ ತನಕ ಅವರೂ ಅತ್ತೆಯೂ ಬೇರೆ ಬೇರೆ ಕಿಟಕಿಯಲ್ಲಿ ನೋಡುತ್ತ ಕೂತರು. ಹುನಗುಂದದ ಮುಂದೆ ಯಾರೋ ಚುರುಮುರಿ ಬಿಚ್ಚಿದರು, ಅದು ಕೈಯಿಂದ ಕೈಗೆ ಹೋಗುತ್ತ ಇಬ್ಬರ ನಡುವೆಯೂ ಹೋಯಿತು.

ಹೊಸ ಮನೆಯಲ್ಲಿ ಸುಣ್ಣದ ವಾಸನೆ, ಜನ ತುಂಬಿದ ಪಡಸಾಲೆ. ನಾನು ಲಾಳಿಯನ್ನು ಕರಿ ಮೂರರ ಮೇಲಿಟ್ಟೆ. ಅತ್ತೆ ದಡಿ ಹಚ್ಚಿದರು. ಖಟ್, ಖಟ್ಟ-ಖಟ್, ಖಟ್. ಮಂಡಳಿಯ ಏಳೂ ಹೆಂಗಸರ ಬೆನ್ನು ಒಮ್ಮೆಗೇ ನೆಟ್ಟಗಾದದ್ದನ್ನು ನಾನು ಕಂಡೆ. ಮಗ್ಗ ನಡೆದಾಗ ಅವಸರ ಮಾಡಿದರೆ ಎಳೆ ಹರಿಯುತ್ತದೆಂಬುದು ಅವರ ಮೈಗೆ ಗೊತ್ತಿತ್ತು. ಅತ್ತೆ ಕರಿ ಮೂರರಲ್ಲಿ ದನಿ ಎತ್ತಿದರು, ಎಲ್ಲಿಯೂ ಏದುಸಿರಿಲ್ಲ. ಒಂದು ಭಜನೆ ಶುರುವಾದ ನಡಿಗೆಯಲ್ಲೇ ಮುಗಿಯಿತು. ಎರಡನೆಯದೂ. ಮೂರನೆಯದರ ನಡುವೆ ಎಡಗಡೆಯಿಂದ ಹಾರ್ಮೋನಿಯಂ ಸೇರಿತು. ಕಾಕು ಯಾರ ಕಡೆಯೂ ನೋಡದೆ ಕರಿ ಮೂರರಲ್ಲಿ ಬಾರಿಸುತ್ತಿದ್ದರು. ನಾನು ಅಷ್ಟು ಹೊತ್ತೂ ಲಾಳಿಯನ್ನೇ ನೋಡುತ್ತ ಕೂತಿದ್ದೆ. ಅದು ಎರಡು ಸಲ ಜಾರಿತು, ಎರಡು ಸಲವೂ ಹಿಡಿದೆ.

ಮಂಗಳಾರತಿಯ ಮೇಲೆ ಒಬ್ಬ ಮುದುಕರು ಎದ್ದು ಬಂದರು. ಕಮತಗಿಯ ಹಳೆಯ ನೇಕಾರರು, ಭಜನೆಯುದ್ದಕ್ಕೂ ಕಣ್ಣು ಮುಚ್ಚಿ ಕೂತಿದ್ದವರು. ಅವರು ಭಜನೆಯ ಮಾತೆತ್ತಲಿಲ್ಲ. ಯಂತ್ರದ ಮೇಲೆ ಬಾಗಿ, "ಗೋಮಿ ದಡಿ ಅಲ್ಲೇನ್ರಿ?" ಎಂದರು.

"ಹೌದ್ರಿ" ಎಂದರು ಅತ್ತೆ, ಇಡೀ ಪಡಸಾಲೆಗೆ ಕೇಳುವಂತೆ.

"ಚಲೋ ಐತ್ರಿ. ಒಂದ ಎಳಿ ತಪ್ಪೈತಿ. ಹನ್ನೊಂದರಾಗ."

ಬಾಗಿಲ ಬಳಿ ನಿಂತಿದ್ದ ನಮ್ಮ ಯಜಮಾನರು ಮೇಲೆ ಹೊಸ ಜಂತಿಗಳನ್ನು ನೋಡುತ್ತ ನಿಂತರು. ಅತ್ತೆ ತುಟಿ ಬಿಗಿಹಿಡಿದು ಹನ್ನೊಂದನೆಯ ಗುಂಡಿ ಒತ್ತಿದರು.

ಅಷ್ಟರಲ್ಲಿ ಅತ್ತೆಯ ತಂಗಿ ಹೋಳಿಗೆಯ ತಾಟು ಹಿಡಿದು ಬಂದು, "ಅಕ್ಕಾ, ನಿನ್ನ ಸೊಸಿ ಪಿಯಾನೋ ಬಾರಸ್ತಾಳ ಅಂದಿದ್ದೆಲ್ಲ, ಒಂದ ಸಲ ಬಾರಸ್ಲಿ, ಬೀಗರೂ ಕೇಳ್ತಾರ" ಎಂದರು.

"ಆಕಿಗೆ ಪಿಯಾನೋ ಬರೂದಿಲ್ಲ" ಎಂದರು ಅತ್ತೆ, ಹೋಳಿಗೆ ಮುರಿಯುತ್ತ. "ಒರಸಾಕ ಬರ್ತೈತಿ. ಭಾಳ ಸ್ವಚ್ಛ ಒರಸ್ತಾಳ." ತುಪ್ಪ ಇನ್ನಷ್ಟು ಹಾಕಿಸಿಕೊಂಡು, "ನನ್ನ ಮಗ ಏಳು ರೊಟ್ಟಿ ತಿಂತಾನ" ಎಂದೂ ಸೇರಿಸಿದರು. ಬೀಗರು ಏನೂ ತಿಳಿಯದೆ ತಲೆಯಾಡಿಸಿದರು.

ತಮ್ಮ ಆ ಯಂತ್ರವನ್ನು ಮರಳಿ ಕೇಳಲಿಲ್ಲ. ಈಗಲೂ ಅದು ಮುಂದಿನ ಕೋಣೆಯಲ್ಲಿದೆ. ವಾರಕ್ಕೊಮ್ಮೆ ಬಟ್ಟೆ ಹಿಂಡಿ, ಟಿಕಳಿ ಕೀಳದಂತೆ ಜೋಪಾನವಾಗಿ ಒರೆಸುತ್ತೇನೆ, ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ. ಸ್ಪೀಕರ್ ಹಚ್ಚಿಕೊಂಡೇ ಒರೆಸುತ್ತೇನೆ. ಮೊನ್ನೆ ಕರೆಂಟ್ ಇಲ್ಲದಾಗ ಒರೆಸುತ್ತಿದ್ದೆ, ಶೆಡ್ಡಿನಿಂದ ಯಜಮಾನರು, "ಏನದು ಆವಾಜ?" ಎಂದು ಕೂಗಿದರು.

"ಶುಕ್ರವಾರ ಅಲ್ಲೇನ್ರಿ" ಎಂದೆ. "ಪಿಯಾನೋ ಐತಿ ಇವತ್ತ."